ಹದಿನಾಲ್ಕು ಕಿಲೋ

ನಮ್ಮೂರಿನಲ್ಲಿ ಯಾರೂ ಯಾರಿಗೂ 'ಸೊರಗಿದ್ದೀರಿ' ಎಂದು ಹೇಳುವುದಿಲ್ಲ. 'ಇಳಿದುಹೋಗಿದ್ದೀರಿ', 'ಮುಖ ಸಣ್ಣಗಾಗಿದೆ' ಇವೂ ಇಲ್ಲ. ಹತ್ತು ವರ್ಷದ ಮೇಲೆ ಎದುರಾದ ಗೆಳೆಯನಿಗೂ ನಾವು ಹೇಳುವುದು ಒಂದೇ ಮಾತು: "ಹೋದ ಸಲ ನೋಡಿದ ಹಾಗೇ ಇದೀರಿ." ಹೊರಗಿನಿಂದ ಬಂದವರು ಇದನ್ನು ಕೇಳಿ ಎಂಥ ಸಂಸ್ಕಾರವಂತರು ಎಂದುಕೊಳ್ಳುತ್ತಾರೆ. ಸಂಸ್ಕಾರವೂ ಅಲ್ಲ, ಮಣ್ಣೂ ಅಲ್ಲ, ಭಯ. ನಮ್ಮಲ್ಲಿ ಒಬ್ಬರ ಮೈಯಿಂದ ಇಳಿದ ಭಾರ ಎಲ್ಲಿಗೂ ಹೋಗುವುದಿಲ್ಲ. ಮನೆಯಲ್ಲೇ ಉಳಿಯುತ್ತದೆ. ಯಾರೂ ಮಲಗದ ಮಂಚ ಜಗ್ಗುತ್ತದೆ, ಯಾರೂ ಕೂರದ ಬೆಂಚು ಕಿರುಗುಟ್ಟುತ್ತದೆ. ಅಷ್ಟರಲ್ಲಿ ಯಾರಾದರೂ ಆ ಮನುಷ್ಯನನ್ನು ನೋಡಿ 'ಇಳಿದಿದ್ದೀರಿ' ಎಂದು ಬಾಯಿಬಿಟ್ಟರೆ, ಹೇಳಿದವರ ಮೈಗೆ ಅದು ಬಂದು ಸೇರುತ್ತದೆ. ಯಾರೂ ಹೇಳದಿದ್ದರೆ ಅಮಾವಾಸ್ಯೆಯ ದಿನ ಯಾರದೋ ಅವರಿಗೇ ವಾಪಸ್ಸು. ಹೀಗಾಗಿ ನಮ್ಮೂರ ಜನ ಒಟ್ಟಾರೆ ಮೈತುಂಬಿಕೊಂಡೇ ಇದ್ದರು. ಸಕ್ಕರೆ ಕಾಯಿಲೆ, ಬಿ.ಪಿ., ಮಂಡಿನೋವು, ಇವು ಹುಟ್ಟುಹಬ್ಬದ ಹಾಗೆ ಒಬ್ಬೊಬ್ಬರಿಗೂ ಒಂದೊಂದು ವಯಸ್ಸಿಗೆ ಬರುತ್ತಿದ್ದವು.

ನಾನು ದರ್ಜಿ. ಬಜಾರಿನ ಮೂಲೆಯಲ್ಲಿ ಅಂಗಡಿ, ಮೇಲೆ ಮನೆ. ನಡುವೆ ಹನ್ನೊಂದು ಮರದ ಮೆಟ್ಟಿಲು. ಬೇರೆ ಊರಿನ ದರ್ಜಿಗಳು ಅಳತೆ ತೆಗೆಯುತ್ತ ನಂಬರನ್ನು ಜೋರಾಗಿ ಕೂಗಿ ಹುಡುಗರ ಕೈಲಿ ಬರೆಸುತ್ತಾರಂತೆ. ನಮ್ಮಲ್ಲಿ ಹಾಗೆ ಮಾಡಿದವನ ಅಂಗಡಿ ಒಂದೇ ವಾರಕ್ಕೆ ಮುಚ್ಚುತ್ತದೆ. ನಾನು ಟೇಪು ಹಿಡಿದು, ಬಾಯಿ ಮುಚ್ಚಿ, ಸೀಮೆಸುಣ್ಣದಲ್ಲಿ ಬಟ್ಟೆಯ ಮೇಲೇ ಗುರುತು ಮಾಡಿಕೊಳ್ಳುತ್ತೇನೆ. ಜ್ವರ ಬಂದು ಎದ್ದವರು ಅಂಗಿ ತಂದು "ಪಾಂಡುರಂಗಪ್ಪ, ಗುಂಡಿ ಸಡಿಲ ಆಗಿದೆ" ಎನ್ನುತ್ತಾರೆ. ಗುಂಡಿ ಗಟ್ಟಿಯಾಗಿಯೇ ಇರುತ್ತದೆ. ನಾನು ಅಂಗಿಯನ್ನು ಎರಡು ಕಡೆ ಒಂದೊಂದು ಇಂಚು ಒಳಗೆ ಹಿಡಿದು, ಮರ್ಯಾದೆಗೆ ಗುಂಡಿಯ ಮೇಲೂ ನಾಲ್ಕು ಹೊಲಿಗೆ ಹಾಕಿ ಕೊಡುತ್ತೇನೆ. ಅಮಾವಾಸ್ಯೆ ಕಳೆದ ಮೇಲೆ ಅದೇ ಅಂಗಿ ವಾಪಸ್ಸು ಬರುತ್ತದೆ. "ಗುಂಡಿ ಯಾಕೋ ಬಿಗಿ." ಹಿಡಿದದ್ದನ್ನು ಬಿಚ್ಚುತ್ತೇನೆ. ಮೂವತ್ತು ವರ್ಷ ಇದೇ ಕೆಲಸ. ಉಳಿದ ಹೊತ್ತಿನಲ್ಲಿ ಬಾಡಿಗೆ ಪುಸ್ತಕ ಓದುತ್ತೇನೆ. ಕಿವಿ ಮಾತ್ರ ಬೀದಿಯಲ್ಲಿರುತ್ತದೆ.

ಮೇಲಿನ ಮನೆಯಲ್ಲಿ ನಾನು ಮತ್ತು ನನ್ನ ಅಕ್ಕ ರುಕುಮಾಯಿ. ಅವಳಿಗೆ ಐವತ್ತೆಂಟು. ಸಕ್ಕರೆ ಇತ್ತು, ಎರಡೂ ಮಂಡಿ ಊದಿ ತೆಂಗಿನಕಾಯಿಯಾಗಿದ್ದವು. ಆರು ವರ್ಷದಿಂದ ಆ ಹನ್ನೊಂದು ಮೆಟ್ಟಿಲು ಇಳಿದಿರಲಿಲ್ಲ. ಬೀದಿಗೆ ಬುಟ್ಟಿ ಬಿಟ್ಟು ತರಕಾರಿ ಎಳೆದುಕೊಳ್ಳುತ್ತಿದ್ದಳು. ಸೊಪ್ಪಿನವಳ ಜೊತೆ ಜಗಳವೂ ಕಿಟಕಿಯಿಂದಲೇ ನಡೆಯುತ್ತಿತ್ತು. ಒಮ್ಮೆ ಹಟ ಹಿಡಿದು ಒಂದು ತಿಂಗಳು ರಾತ್ರಿಯೂಟ ಬಿಟ್ಟು ಎರಡು ಕಿಲೋದಷ್ಟು ಇಳಿದಳು. ಆ ತಿಂಗಳೆಲ್ಲ ನಡುಮನೆಯ ಬೆಂಚು ಕಿರುಗುಡುತ್ತಿತ್ತು. ಅವಳು ನನ್ನ ಮುಖ ನೋಡುತ್ತಿದ್ದಳು, ನಾನು ಪುಸ್ತಕ ನೋಡುತ್ತಿದ್ದೆ. ಹೇಳಿದ್ದರೆ ಎರಡು ಕಿಲೋ ನನಗೆ ಬರುತ್ತಿತ್ತು, ಅಷ್ಟೇ. ಆದರೆ ದಿನವಿಡೀ ಮೆಷಿನ್ನು ತುಳಿಯುವವನಿಗೆ ಬೆನ್ನಿನ ಯೋಚನೆ ಇರುತ್ತದೆ. ನಾನು ಬಾಯಿ ಬಿಡಲಿಲ್ಲ. ಅಮಾವಾಸ್ಯೆಯ ಬೆಳಿಗ್ಗೆ ಅವಳೂ ಏನೂ ಅನ್ನದೆ ಎರಡು ರೊಟ್ಟಿ ಹೆಚ್ಚಿಗೆ ತಿಂದಳು.

ಆಗ ಬಂದವರು ಡಾಕ್ಟರ್ ತಿಲೋತ್ತಮಾ. ಆಹಾರ ಮತ್ತು ವ್ಯಾಯಾಮದ ಡಾಕ್ಟರು ಎಂದು ಬೋರ್ಡು ಹಾಕಿಸಿ ಹಳೆಯ ನೂಲಿನ ಗೋದಾಮಿನಲ್ಲಿ ಕೇಂದ್ರ ತೆರೆದರು. ಮೂವತ್ತೈದರ ಹೆಣ್ಣುಮಗಳು, ಐವತ್ತೆರಡು ಕಿಲೋ. ನನಗೆ ಗೊತ್ತು, ಅವರ ಮೊದಲ ಚೂಡಿದಾರ ಹೊಲಿದವನು ನಾನು. ಅವರ ಪಾಠ ಸರಳವಾಗಿತ್ತು. ತಟ್ಟೆಯ ಅರ್ಧ ತರಕಾರಿ, ಕಾಲು ಭಾಗ ಬೇಳೆಯೋ ಮೊಟ್ಟೆಯೋ, ಉಳಿದ ಕಾಲು ಭಾಗ ಮುದ್ದೆಯೋ ಅನ್ನವೋ. ಬೆಳಿಗ್ಗೆ ಆರಕ್ಕೆ ಅರ್ಧ ಗಂಟೆ ನಡಿಗೆ. ಮಾತಾಡೋಕೆ ಆಗಬೇಕು, ಹಾಡೋಕೆ ಆಗಬಾರದು, ಅಷ್ಟು ಬಿರುಸು ಸಾಕು. ಊಟವಾದ ಮೇಲೆ ಹತ್ತು ನಿಮಿಷ ಓಡಾಡಿ, ಸಕ್ಕರೆ ಏರೋಲ್ಲ. ನನ್ನ ಅಕ್ಕನೂ ಸೇರಿ ಹದಿಮೂರು ಜನ ಹೆಸರು ಬರೆಸಿದರು. ಸೇರಿದವರಿಗೆಲ್ಲ ಇದು ಅಮಾವಾಸ್ಯೆಯವರೆಗಿನ ಆಟ ಎಂದು ಗೊತ್ತಿತ್ತು. ಆದರೂ ಹೊಸಬರು, ಪಾಪ, ಬೋರ್ಡು ಬೇರೆ ಹಾಕಿಸಿದ್ದಾರೆ ಎಂದು ಬಂದಿದ್ದರು. ಅಕ್ಕನ ಮಟ್ಟಿಗೆ ಡಾಕ್ಟರೇ ಮೆಟ್ಟಿಲು ಹತ್ತಿ ಬಂದು, ಕುರ್ಚಿಯಲ್ಲಿ ಕೂರಿಸಿ ಕೈಕಾಲು ಆಡಿಸುವುದನ್ನು ಕಲಿಸಿದರು, ಅವಳ ತೂಕವನ್ನೂ ಅಲ್ಲೇ ನೋಡುತ್ತಿದ್ದರು.

ಮೂರನೆಯ ವಾರ ತೂಕ ನೋಡುವ ದಿನ. ಕೇಂದ್ರದ ಪರದೆ ಹೊಲಿದು ಕೊಡಲು ನಾನೂ ಹೋಗಿದ್ದೆ. ಬೇಕರಿಯ ವಜ್ರಪ್ಪ ತಕ್ಕಡಿ ಹತ್ತಿದ. ಊರಿಗೇ ದೊಡ್ಡ ಮೈ ಅವನದು, ನೂರ ನಾಲ್ಕು ಕಿಲೋ. ಡಾಕ್ಟರು ಬಗ್ಗಿ ಮುಳ್ಳು ನೋಡಿ, ಚಪ್ಪಾಳೆ ತಟ್ಟಿ, "ವಜ್ರಪ್ಪನವರೇ, ಎರಡೂವರೆ ಕಿಲೋ ಇಳಿದಿದೀರಿ. ಭೇಷ್" ಅಂದರು.

ಡಾಕ್ಟರು ಪಕ್ಕದ ಸ್ಟೂಲಿನ ಮೇಲೆ ಕೂತರು. ಸ್ಟೂಲು ಸಣ್ಣಗೆ ಒಮ್ಮೆ ಕಿರುಗುಟ್ಟಿತು. ವಜ್ರಪ್ಪ ನೆಲ ನೋಡಿದ. ಉಳಿದವರು ವಜ್ರಪ್ಪನನ್ನು ನೋಡಿದರು. ಅವತ್ತು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಹೇಳುವ ಬದಲು, ಹಿಂದೆ ನಿಂತಿದ್ದ ಒಬ್ಬಾಕೆ ಸೆರಗು ಸರಿಮಾಡಿಕೊಂಡು ಮೆಲ್ಲಗೆ, "ಮೇಡಂ, ನಂದೂ ಒಂಚೂರು ನೋಡಿ" ಅಂದಳು.

ಆಮೇಲೆ ನೋಡಬೇಕಿತ್ತು ನಮ್ಮೂರ ಶಿಸ್ತು. ಸಕ್ಕರೆಯ ಮೂಟೆಯ ಮೇಲೆ ಮಲಗಿ ಬೆಳೆದ ವಜ್ರಪ್ಪ ಮೊಳಕೆ ಕಾಳು ತಿನ್ನತೊಡಗಿದ. ಅಕ್ಕನೊಬ್ಬಳನ್ನು ಬಿಟ್ಟು ಉಳಿದ ಹನ್ನೆರಡು ಜನ ಒಂದು ದಿನ ತಪ್ಪಿಸದೆ ಆರು ಗಂಟೆಗೆ ಡಾಕ್ಟರ ಹಿಂದೆ ಕೆರೆ ಏರಿಯ ಮೇಲೆ ನಡೆದರು. ತಿಂಗಳಿಗೆರಡು ಸಲ ತಕ್ಕಡಿ ಹತ್ತಿ, ಅವರ ಬಾಯಿಂದ ಆ ಮಾತು ಬೀಳುವವರೆಗೆ ಇಳಿಯದೆ ನಿಂತರು. ಡಾಕ್ಟರು ಎಂದಾದರೂ ಬರೇ ತಲೆಯಾಡಿಸಿದರೆ "ಬಾಯ್ತುಂಬ ಹೇಳಿ ಮೇಡಂ, ಉತ್ಸಾಹ ಬರುತ್ತೆ" ಎನ್ನುತ್ತಿದ್ದರು. ಬಾಯ್ತುಂಬ ಹೇಳುವುದು ಅವರ ಕಸುಬೇ ಆಗಿತ್ತು. ಪ್ರತಿಯಾಗಿ ಜನ ಅವರ ಮನೆಗೆ ಸೌತೆಕಾಯಿ ತಲುಪಿಸುತ್ತಿದ್ದರು.

ಹದಿನೈದು ದಿನಕ್ಕೊಮ್ಮೆ ಅವರ ಚೂಡಿದಾರ ನನ್ನ ಅಂಗಡಿಗೆ ಬರುತ್ತಿತ್ತು.

"ನಿಮ್ಮೂರ ನೀರಿಗೆ ಬಟ್ಟೆ ಕುಗ್ಗುತ್ತೆ ಕಣ್ರೀ."

"ಕಾಟನ್ ಅಲ್ವಾ ಮೇಡಂ, ಹಂಗೇ ಅದು."

ಒಳಗೆ ಬಿಟ್ಟಿದ್ದ ಬಟ್ಟೆಯನ್ನು ಬಿಚ್ಚಿ ಬಿಚ್ಚಿ ಕೊಟ್ಟೆ. ಬಿಚ್ಚುವುದಕ್ಕೆ ಏನೂ ಉಳಿಯದಾದಾಗ ಕಂಕುಳ ಕೆಳಗೆ ಪಟ್ಟಿ ಸೇರಿಸಿದೆ. ನಾನು ಸುಮ್ಮನಿದ್ದದ್ದು ಯಾಕೆ ಎಂದು ಮುಚ್ಚಿಡುವುದಿಲ್ಲ. ಐದನೆಯ ತಿಂಗಳ ಒಂದು ಬೆಳಿಗ್ಗೆ ಕೆಳಗೆ ಕತ್ತರಿ ಹಿಡಿದು ಕೂತಿದ್ದೆ. ಮೆಟ್ಟಿಲ ಮೇಲೆ ಸದ್ದಾಯಿತು. ಅಕ್ಕ ಕಂಬಿ ಹಿಡಿದು, ಒಂದೊಂದೇ ಮೆಟ್ಟಿಲು, ಹನ್ನೊಂದನ್ನೂ ಇಳಿದು ಬಂದು ಅಂಗಡಿಯ ನಡುವೆ ನಿಂತಳು.

"ಇದೇನೋ ಪಾಂಡು, ಇಷ್ಟೊಂದು ಧೂಳು," ಅಂದಳು. ಬೀದಿಗಿಳಿದು ಸೊಪ್ಪಿನವಳ ಎದುರೇ ನಿಂತು, ಆರು ವರ್ಷದ ಜಗಳವನ್ನು ಮುಖಾಮುಖಿ ಆಡಿ ಮುಗಿಸಿಕೊಂಡು ಬಂದಳು. ಅವಳ ಹದಿನಾಲ್ಕು ಕಿಲೋ ಎಲ್ಲಿದೆ ಎಂದು ನನಗೆ ಗೊತ್ತಿತ್ತು. ಅವಳಿಗೂ ಗೊತ್ತಿತ್ತು. ಆ ದಿನ ಪಾಯಸ ಮಾಡಿದಳು, ಬೆಲ್ಲ ಕಡಿಮೆ ಹಾಕಿ, ಮತ್ತು ಒಂದು ಬಟ್ಟಲು ಡಾಕ್ಟರ ಮನೆಗೂ ಕಳಿಸಿದಳು.

ಎಂಟನೆಯ ತಿಂಗಳಿಗೆ ಡಾಕ್ಟರು ನೂರ ಇಪ್ಪತ್ತು ಕಿಲೋ. ಭಾರ ಒಂದೇ ಬಂದಿದ್ದರೆ ನಾನು ಇನ್ನೂ ಎಷ್ಟು ದಿನ ಸುಮ್ಮನಿರುತ್ತಿದ್ದೆನೋ. ಒಂದು ಮಧ್ಯಾಹ್ನ ಅವರು ಅಂಗಡಿಗೆ ಬಂದರು. ಬೀದಿಯಲ್ಲಿ ಬರುವಾಗ ಎಡಗಾಲು ಸ್ವಲ್ಪ ಹೊರಕ್ಕೆ ಚಾಚಿ ಇಡುತ್ತಿದ್ದರು. ಅದು ವಜ್ರಪ್ಪನ ನಡಿಗೆ. ಬಾಗಿಲಲ್ಲಿ ನಿಂತು ಎರಡು ಸಲ ಕೆಮ್ಮಿ ಒಳಗೆ ಬಂದರು. ಅದು ಹದಿಮೂರರಲ್ಲಿ ಒಬ್ಬ, ಕಿರಾಣಿ ಅಂಗಡಿಯ ಮುದುಕನ ಅಭ್ಯಾಸ. ಬೆಂಚಿನ ಮೇಲೆ ಕೂರುವ ಮುಂಚೆ ಎಡಮಂಡಿಯನ್ನು ಅಂಗೈಯಿಂದ ಒತ್ತಿ ಹಿಡಿದು, ಹಲ್ಲಿನ ಸಂದಿಯಿಂದ ಉಸಿರು ಎಳೆದುಕೊಂಡರು. ಆರು ವರ್ಷ ನನ್ನ ಅಕ್ಕ ದಿನಕ್ಕೆ ಇಪ್ಪತ್ತು ಸಲ ಹಾಗೆಯೇ ಕೂತಿದ್ದಳು.

"ಟೈಲರ್ರೇ, ಒಂದು ಮಾತು ಕೇಳ್ತೀನಿ, ನಗಬೇಡಿ," ಅಂದರು. ಮಾತಿಗೆ ಮಾತಿಗೆ ಏದುಸಿರು. "ಮೂರು ಸಲ ರಕ್ತ ಪರೀಕ್ಷೆ ಆಯ್ತು. ಥೈರಾಯ್ಡ್ ನಾರ್ಮಲ್, ಎಲ್ಲಾ ನಾರ್ಮಲ್. ತಿಂದಿದ್ದು ಗ್ರಾಂ ಲೆಕ್ಕದಲ್ಲಿ ಬರೆದಿಟ್ಟಿದೀನಿ. ನಿದ್ದೇಲಿ ಎದ್ದು ತಿಂತಿದೀನೇನೋ ಅಂತ ಅಡುಗೆಮನೆಗೆ ಬೀಗ ಹಾಕಿ ಕೀಲಿ ಪಕ್ಕದ ಮನೇಲಿ ಕೊಟ್ಟೆ. ಆದ್ರೂ ಏರ್ತಿದೆ. ಒಂದೊಂದ್ಸಲ ಬೆಳಿಗ್ಗೆ ಎದ್ದಾಗ ಇದು ಯಾರ ಕೈ ಅಂತ ನೋಡ್ಕೊತೀನಿ. ಎದೆ ಹಿಡ್ಕೊಳ್ತಿದೆ. ನಾನೇ ಡಾಕ್ಟರು, ನಂಗೇ ಗೊತ್ತಾಗ್ತಿಲ್ಲ."

ಅವರ ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ಮುಂದಿನ ತೂಕದ ದಿನಕ್ಕೆ ನಾಲ್ಕು ದಿನ ಉಳಿದಿತ್ತು. ಇನ್ನು ಎಷ್ಟು ತೂಕದ ದಿನಗಳನ್ನು ಆ ಎದೆ ತಾಳೀತು ಎಂದು ತಿಳಿಯಲು ಡಾಕ್ಟರಿಕೆ ಓದಬೇಕಿರಲಿಲ್ಲ. ನಾನು ಅಂಗಡಿಯ ಬಾಗಿಲು ಮುಂದೆ ಮಾಡಿ ಎಲ್ಲ ಹೇಳಿದೆ.

ಅವರು ನಗಲಿಲ್ಲ, ಬೈಯಲೂ ಇಲ್ಲ. ಚೀಲದಿಂದ ಎರಡು ಪುಸ್ತಕ ತೆಗೆದರು. ಒಂದರಲ್ಲಿ ಹದಿಮೂರು ಜನ ಇಳಿದದ್ದು, ಇನ್ನೊಂದರಲ್ಲಿ ತಾವು ಏರಿದ್ದು. ಪೆನ್ನು ಹಿಡಿದು ಎರಡನ್ನೂ ಕೂಡಿದರು. ಅರವತ್ತೆಂಟು. ಅರವತ್ತೆಂಟು. ಎರಡರ ಕೆಳಗೂ ಗೆರೆ ಎಳೆದರು.

"ನಿಮಗೆ ಯಾವಾಗಿಂದ ಗೊತ್ತು?"

"ಮೊದಲ್ನೇ ಹೊಲಿಗೆ ಬಿಚ್ಚಿದಾಗಿಂದ."

"ಬಾಯಿ ಬಿಡಬಹುದಿತ್ತು."

"ಬಿಡಬಹುದಿತ್ತು ಮೇಡಂ."

"ಯಾಕೆ ಬಿಡಲಿಲ್ಲ?"

ಅಷ್ಟರಲ್ಲಿ ಮೇಲೆ ಅಕ್ಕ ಅಡುಗೆಮನೆಯಿಂದ ನಡುಮನೆಗೆ ನಡೆದ ಸದ್ದು ಕೇಳಿತು, ಹಗುರ ಹೆಜ್ಜೆ. ಡಾಕ್ಟರು ತಲೆಯೆತ್ತಿ ಸೂರು ನೋಡಿದರು. ಮತ್ತೆ ಆ ಪ್ರಶ್ನೆ ಕೇಳಲಿಲ್ಲ.

ಉಳಿದದ್ದು ಒಂದೇ ದಾರಿ, ಊರಾಚೆಯ ಹೊಳೆಯ ಸೇತುವೆ. ಹೇಳಿ ತೆಗೆದುಕೊಂಡ ಭಾರ ಆ ಸೇತುವೆ ದಾಟುವುದಿಲ್ಲ. ಬೇರೆ ಊರಿನ ಮದುವೆಗೆ ಹೋಗುವವರು ದಾಟಿದ ಕೂಡಲೇ ಹಗುರವಾಗಿ, ಹಿಂದಿರುಗುವಾಗ ಸೇತುವೆಯ ಈಚೆ ಕಾಯುತ್ತಿದ್ದುದನ್ನು ಮತ್ತೆ ಹೊತ್ತುಕೊಂಡು ಬರುತ್ತಾರೆ. ಇದನ್ನೂ ಹೇಳಿದೆ.

"ವಾಪಸ್ ಬರದೇ ಇದ್ರೆ?"

"ಇದುವರೆಗೂ ಎಲ್ಲಾರೂ ಬಂದಿದಾರೆ. ಬರದೇ ಇದ್ರೆ ಏನಾಗುತ್ತೋ ಯಾರಿಗೂ ಗೊತ್ತಿಲ್ಲ. ಯಾರದೋ ಅವರ ಮನೆಗೇ ಹೋಗುತ್ತೆ ಅನ್ಸುತ್ತೆ."

"ನಿಮ್ಮ ಅಕ್ಕ?"

"ಅದು ನಮ್ಮ ಮನೆ ವಿಷಯ. ನೀವು ಹೊರಡಿ."

ಅವರು ಅವತ್ತೇ ಹೊರಡಲಿಲ್ಲ. ತೂಕದ ದಿನದವರೆಗೆ ನಿಂತರು. ಹದಿಮೂರು ಜನ ತಕ್ಕಡಿಯ ಮುಂದೆ ಸಾಲು ನಿಂತಾಗ, ಅವರು ತಕ್ಕಡಿಯನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿ ಎಲ್ಲರಿಗೂ ಒಂದೊಂದು ಕುರ್ಚಿ ಕೊಟ್ಟರು. ಕೈ ಊರದೆ ಏಳಬೇಕು, ನಿಧಾನಕ್ಕೆ ಕೂರಬೇಕು, ಹತ್ತು ಸಲ. ಸ್ವಲ್ಪ ವಿಶ್ರಾಂತಿ, ಮತ್ತೆ ಹತ್ತು. ಗೋಡೆಗೆ ಕೈಕೊಟ್ಟು ಹಿಮ್ಮಡಿ ಎತ್ತಿ ಇಳಿಸಬೇಕು. ಮೂರು ಹೊತ್ತೂ ತಟ್ಟೆಯಲ್ಲಿ ಬೇಳೆಯೋ ಮೊಸರೋ ಮೊಟ್ಟೆಯೋ ಇರಲೇಬೇಕು. "ಮೈ ಇಳಿಸೋದು ಒಂದು, ಇರೋದನ್ನ ಹೊರೋದು ಇನ್ನೊಂದು. ಕಾಲಿನ ಮಾಂಸಖಂಡ ಗಟ್ಟಿ ಮಾಡ್ಕೊಳ್ಳಿ. ಬೇಕಾಗುತ್ತೆ," ಅಂದರು. ಯಾಕೆ ಬೇಕಾಗುತ್ತದೆ ಎಂದು ಹೇಳಲಿಲ್ಲ. ಅಕ್ಕ ಮಾತ್ರ ಬಾಗಿಲಲ್ಲಿ ನಿಂತಿದ್ದ ನನ್ನ ಮುಖ ನೋಡಿ ಇಪ್ಪತ್ತರ ಜಾಗದಲ್ಲಿ ಮೂವತ್ತು ಸಲ ಎದ್ದು ಕೂತಳು.

ಕೊನೆಗೆ ವಜ್ರಪ್ಪನೇ ತಡೆಯಲಾರದೆ ಕೇಳಿದ. "ಮೇಡಂ, ನಮ್ಮನ್ನ ನೋಡಿ ಏನಾದ್ರೂ ಹೇಳಲ್ವಾ?"

"ಹೋದ ಸಲ ನೋಡಿದ ಹಾಗೇ ಇದೀರಿ," ಅಂದರು ಡಾಕ್ಟರು.

ಹೇಗೆ ತಿಳಿಯಿತೋ, ಸಂಜೆ ಐದರ ಬಸ್ಸಿಗೆ ಅವರು ಪೆಟ್ಟಿಗೆ ಏರಿಸುವಾಗ ಬಜಾರಿನ ಕಿಟಕಿಗಳೆಲ್ಲ ಮುಚ್ಚಿದ್ದವು. ಬೀಳ್ಕೊಡಲು ನಾನೊಬ್ಬನೇ. ಬಸ್ಸಿನ ಹಿಂದೆಯೇ ಸೈಕಲ್ ತುಳಿದು ಸೇತುವೆಯ ಈಚೆ ತುದಿಯಲ್ಲಿ ನಿಂತೆ. ಬಸ್ಸು ದಾಟಿತು. ಆಚೆ ದಡದಲ್ಲಿ ಕಿಟಕಿಯಿಂದ ಒಂದು ತೋಳು ಹೊರಬಂದು ಬೀಸಿತು. ನಾನು ಬಿಚ್ಚಿ, ಪಟ್ಟಿ ಸೇರಿಸಿ ಅಗಲ ಮಾಡಿದ್ದ ಆ ತೋಳಿನ ಬಟ್ಟೆ, ಒಳಗೆ ಕಡ್ಡಿಯಂಥ ಕೈ ಇಟ್ಟುಕೊಂಡು ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿತ್ತು. ಬದುಕಿದರು ಅಂದುಕೊಂಡೆ.

ಆಮೇಲೆ ಸೇತುವೆಯ ಹಲಗೆಗಳು ಜಗ್ಗಿದವು. ಮೇಲೆ ಯಾರೂ ಇರಲಿಲ್ಲ. ಕೊನೆಯ ಹಲಗೆ ಜಗ್ಗಿ, ಎದುರಿನ ಮಣ್ಣಿನಲ್ಲಿ ಹೆಜ್ಜೆಗಳು ಒತ್ತಿದವು. ಒಂದು ಎಡಕ್ಕೆ ಹೊರಚಾಚಿದ ಅಗಲ ಹೆಜ್ಜೆ. ಒಂದು ಗೇಣುದ್ದದ ಸಣ್ಣ ಹೆಜ್ಜೆ. ಎಣಿಸುವ ಧೈರ್ಯ ಇರಲಿಲ್ಲ, ಎಷ್ಟೆಂದು ಗೊತ್ತೇ ಇತ್ತು. ಸೈಕಲ್ ತಳ್ಳಿಕೊಂಡು ನಡೆದೆ, ಅವು ಹಿಂದೆ ಬಂದವು. ನಾನು ನಿಂತರೆ ನಿಲ್ಲುತ್ತಿದ್ದವು. ಬಿರುಸಾಗಿ ನಡೆದರೆ ಬಿರುಸಾಗಿ ಬರುತ್ತಿದ್ದವು, ಮಾತಾಡಬಹುದಾದ, ಹಾಡಲಾಗದ ಬಿರುಸು. ಬಜಾರಿಗೆ ಬಂದ ಮೇಲೆ ಒಂದೊಂದೇ ಸಾಲು ಬಿಟ್ಟವು. ಬೇಕರಿಯ ಜಗಲಿ ಕಿರುಗುಟ್ಟಿತು. ಒಳಗಿನಿಂದ ವಜ್ರಪ್ಪ ಅಗುಳಿ ಹಾಕಿದ ಸದ್ದಾಯಿತು. ಕಿರಾಣಿ ಅಂಗಡಿಯ ಬಾಗಿಲಲ್ಲಿ ಯಾರೋ ಎರಡು ಸಲ ಕೆಮ್ಮಿದ ಹಾಗಾಯಿತು. ಒಳಗೆ ದೀಪ ಆರಿತು. ನನ್ನ ಅಂಗಡಿ ಬರುವ ಹೊತ್ತಿಗೆ ನನ್ನ ಹಿಂದೆ ಒಂದೇ ಉಳಿದಿತ್ತು.

ನಾನು ಮೆಟ್ಟಿಲು ಹತ್ತಿ ಒಳಗೆ ಹೋದೆ. ಅಕ್ಕ ದೀಪ ಹಚ್ಚಿ ನಡುಮನೆಯಲ್ಲಿ ನಿಂತಿದ್ದಳು. ಕೆಳಗೆ ಮೊದಲ ಮೆಟ್ಟಿಲು ಕಿರ್ರೆಂದಿತು. ತಡೆದು, ಎರಡನೆಯದು. ಪ್ರತಿ ಮೆಟ್ಟಿಲಿಗೂ ನಿಂತು, ಹಲ್ಲಿನ ಸಂದಿಯಿಂದ ಉಸಿರು ಎಳೆದುಕೊಂಡು ಹತ್ತುವ ಸದ್ದು. ಅಕ್ಕ ಕಿವಿಗೊಟ್ಟು ಕೇಳಿದಳು.

"ಪಾಂಡು," ಅಂದಳು. "ನಾನು ಬರ್ತಿದೀನಿ ಕಣೋ."

"ಬಾಗಿಲು ಹಾಕ್ಲಾ ಅಕ್ಕ?"

"ಹಾಕಿದ್ರೆ ಜಗಲಿ ಮೇಲೆ ಕೂತಿರುತ್ತೆ. ಅಮಾವಾಸ್ಯೆಗೆ ಇನ್ನೇನು ಒಂಬತ್ತು ದಿನ. ಬರಲಿ ಬಿಡು, ನಂದೇ ತಾನೆ." ಇಷ್ಟು ಹೇಳುವಷ್ಟರಲ್ಲೇ ಅವಳ ಕೈ ಗೋಡೆಯ ಆಸರೆ ಹುಡುಕುತ್ತಿತ್ತು. ಆಮೇಲೆ ಕಿಟಕಿಯತ್ತ ನೋಡಿ, "ಆ ಬುಟ್ಟಿಯ ಹಗ್ಗ ಎಲ್ಲಿ ಹಾಕಿದೀಯ?" ಅಂದಳು.

ಹತ್ತನೆಯ ಮೆಟ್ಟಿಲು. ಹನ್ನೊಂದು. ಹೊಸ್ತಿಲಿನ ಹಲಗೆ ಬಗ್ಗಿತು. ನಾನು ಅಕ್ಕನನ್ನು ತಲೆಯಿಂದ ಕಾಲಿನವರೆಗೆ ನೋಡಿದೆ. ಮೂವತ್ತು ವರ್ಷ ಜನರ ಮೈ ನೋಡಿ ಬಾಯಿ ಮುಚ್ಚಿಕೊಂಡ ಕಸುಬು ನನ್ನದು.

"ಅಕ್ಕ, ನೀನು ತುಂಬಾ ಇಳಿದಿದೀಯ," ಅಂದೆ. "ಹದಿನಾಲ್ಕು ಕಿಲೋ ಇಳಿದಿದೀಯ."

ಯಾರೋ ಹಿಂದಿನಿಂದ ಬಂದು ತಬ್ಬಿಕೊಂಡ ಹಾಗಾಯಿತು. ಹಾಗೆಯೇ ಮೈಯೊಳಗೆ ಇಳಿಯಿತು. ಬೆಚ್ಚಗಿತ್ತು ಎಂದರೆ ಯಾರೂ ನಂಬುವುದಿಲ್ಲ. ಅಂಗಿಯ ಗುಂಡಿ ಎರಡು ಹಾರಿ ನೆಲದ ಮೇಲೆ ಉರುಳಿದವು. ನಾನು ಕೂತೆ, ಬೆಂಚು ಕಿರುಗುಟ್ಟಿತು, ಈ ಸಲ ಮೇಲೊಬ್ಬ ಮನುಷ್ಯನಿದ್ದ.

ಅಕ್ಕ ಸಿಟ್ಟಿಗೆದ್ದಳು. "ಯಾರು ಹೇಳು ಅಂದ್ರು ನಿಂಗೆ? ನಾಳೆ ಮೆಷಿನ್ ಯಾರು ತುಳಿತಾರೆ, ನಿಮ್ಮಪ್ಪ ತುಳಿತಾನಾ?"

"ನನಗೂ ನಿನಗೂ ಒಬ್ಬನೇ ಅಪ್ಪ."

ಅವಳು ಬಗ್ಗಿ ಎರಡೂ ಗುಂಡಿ ಹೆಕ್ಕಿದಳು. ಬಗ್ಗಲು ಬಂತು ಅವಳಿಗೆ. ಎದ್ದು ನಿಂತು, ಸೆರಗಿನಲ್ಲಿ ಮುಖ ಒರೆಸಿಕೊಂಡು, ತಟ್ಟೆ ಹಾಕಿದಳು. ಅರ್ಧ ಬೀನ್ಸಿನ ಪಲ್ಯ, ಕಾಲು ಭಾಗ ಹೆಸರುಬೇಳೆ, ಒಂದೇ ರೊಟ್ಟಿ. ನನಗೆ ಇನ್ನೊಂದು ಬೇಕಿತ್ತು. "ಸಾಕು," ಅಂದಳು. "ಬೆಳಿಗ್ಗೆ ಆರಕ್ಕೆ ಏಳು."

ಮಾರನೆಯ ದಿನದಿಂದ ನಾವಿಬ್ಬರೂ ಕೆರೆ ಏರಿಯ ಮೇಲೆ ನಡೆಯುತ್ತಿದ್ದೇವೆ. ಅಕ್ಕ ಮುಂದೆ, ನಾನು ಏದುಸಿರು ಬಿಡುತ್ತ ಹಿಂದೆ. ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಅವಳು ನಿಂತು ತಿರುಗಿ, ಕೂಸಿನ ಮೈ ನೋಡುವ ಹಾಗೆ ನನ್ನನ್ನು ನೋಡಿದಳು. ಬೇಡ ಎನ್ನುವಷ್ಟರಲ್ಲಿ, "ಅರ್ಧ ಕಿಲೋ ಇಳಿದಿದೀಯ ಕಣೋ" ಅಂದುಬಿಟ್ಟಳು. "ಏಳು ಏಳು ಹಂಚ್ಕೊಂಡ್ರೆ ಇಬ್ರೂ ಮೆಟ್ಲು ಹತ್ಬೋದು. ಸುಮ್ನೆ ನಡಿ." ಅವಳ ಹೆಜ್ಜೆ ಒಂದಿಷ್ಟು ಭಾರವಾದದ್ದು ನನಗೆ ಕೇಳಿಸಿತು, ಆದರೆ ಬಿರುಸು ಕಡಿಮೆಯಾಗಲಿಲ್ಲ.

ಏರಿಯ ಮೇಲೆ ಈಗ ಬೇರೆ ಮನುಷ್ಯರು ಬರುವುದಿಲ್ಲ. ಅವರೆಲ್ಲ ಒಳಗೆ ಅಗುಳಿ ಹಾಕಿಕೊಂಡು ಅಮಾವಾಸ್ಯೆಗೆ ದಿನ ಎಣಿಸುತ್ತಿದ್ದಾರೆ. ಹಿಂದೆ ತಿರುಗಿ ನೋಡಬೇಡ ಎಂದು ಅಕ್ಕ ಮೊದಲ ದಿನವೇ ಹೇಳಿದ್ದಾಳೆ, ನೋಡುವುದಿಲ್ಲ. ಸದ್ದು ಸಾಕು. ಹನ್ನೆರಡು ಜೊತೆ ಹೆಜ್ಜೆ, ಹತ್ತು ಮಾರು ಹಿಂದೆ, ಒಂದೇ ಲಯದಲ್ಲಿ ಬರುತ್ತವೆ. ಎಂಟು ತಿಂಗಳು ಡಾಕ್ಟರ ಮೈಮೇಲೆ ಆರು ಗಂಟೆಗೆ ಹೊರಟ ಅಭ್ಯಾಸ, ಅವಕ್ಕಿನ್ನೂ ಬಿಟ್ಟಿಲ್ಲ.